ಕರೆಂಟಿನ ಕಂಬವಿಲ್ಲದ ಕಡೆ ಚಿಕ್ಕ ಟ್ರೇಲರಿನ ಏ.ಸಿ. ನಡೆಸುವ ಬಗೆ

ಅಮೆರಿಕದಲ್ಲಿ ನೆಲೆಸಿ, ಚಿಕ್ಕದೊಂದು ಟ್ರಾವೆಲ್ ಟ್ರೇಲರ್ (ವಾಹನದ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ) ಇಟ್ಟುಕೊಂಡು, ರಜೆ ಸಿಕ್ಕಾಗಲೆಲ್ಲ ಕಾಡು, ಮರುಭೂಮಿಗಳ ಕಡೆಗೆ ಹೊರಡುವ ನಮ್ಮವರಿಗೆ ಬೇಸಿಗೆಯಲ್ಲಿ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: ಕರೆಂಟಿಲ್ಲದ ಜಾಗದಲ್ಲಿ ಚಾವಣಿಯ ಮೇಲಿನ ಏ.ಸಿ.ಯನ್ನು ನಡೆಸುವುದು ಹೇಗೆ? ಇಂಥ ಮನೆಗಾಡಿಗಳು ಶುಲ್ಕ ತೆತ್ತು ಉಳಿದುಕೊಳ್ಳುವ ಆರ್.ವಿ. ಪಾರ್ಕಿನಲ್ಲಿ 30 ಆಂಪಿಯರ್ ಪ್ಲಗ್ ಸಿಕ್ಕಿಸಿದರೆ ಕೆಲಸ ಮುಗಿಯಿತು. ಆದರೆ ಅಲ್ಲಿನ ಕೇಂದ್ರ ಸರ್ಕಾರದ ಸಾರ್ವಜನಿಕ ಭೂಮಿಯನ್ನು ನೋಡಿಕೊಳ್ಳುವ ಬಿ.ಎಲ್.ಎಂ. ಇಲಾಖೆಯ ಬಯಲಿನಲ್ಲೋ ರಾಷ್ಟ್ರೀಯ ಅರಣ್ಯದ ಮಣ್ಣುರಸ್ತೆಯ ಅಂಚಿನಲ್ಲೋ ಬಿಡಾರ ಹೂಡಿದಾಗ, ನಾವು ಹೊತ್ತು ತಂದ ವಿದ್ಯುತ್ತು ಬಿಟ್ಟರೆ ಬೇರೆ ಗತಿಯಿಲ್ಲ. ಟ್ರೇಲರಿನಲ್ಲಿ ದೀಪ, ಪಂಪು, ಫೋನ್ ಚಾರ್ಜರ್ ಎಲ್ಲವೂ ಸೇರಿ ಇಡೀ ದಿನದಲ್ಲಿ ಬಳಸುವಷ್ಟು ವಿದ್ಯುತ್ತನ್ನು ಏ.ಸಿ. ಒಂದೇ ಅರ್ಧ ಗಂಟೆಯೊಳಗೆ ನುಂಗಬಲ್ಲದು.

ಹೆಚ್ಚಿನವರು ಮೊದಲು ಬ್ಯಾಟರಿಗೋ ಸೋಲಾರಿಗೋ ಹಣ ಸುರಿಯುತ್ತಾರೆ, ಏ.ಸಿ. ಹೇಗಿದೆಯೋ ಹಾಗೆ, ಗೋಡೆ ಕಿಟಕಿಗಳು ಹೇಗಿವೆಯೋ ಹಾಗೆ ಉಳಿಯುತ್ತವೆ. ನನ್ನ ಅಭಿಪ್ರಾಯದಲ್ಲಿ ಕ್ರಮ ಇದಕ್ಕೆ ತದ್ವಿರುದ್ಧವಾಗಿರಬೇಕು. ಮೊದಲು ಒಳಗೆ ಬರುವ ಶಾಖವನ್ನು ತಡೆಯಬೇಕು, ಆಮೇಲೆ ಏ.ಸಿ.ಯ ಹಸಿವನ್ನು ತಗ್ಗಿಸಬೇಕು, ಕೊನೆಗೆ ಉಳಿದಷ್ಟು ಹಸಿವಿಗೆ ಮಾತ್ರ ವಿದ್ಯುತ್ತನ್ನು ಹೊಂದಿಸಬೇಕು. ಈ ಕ್ರಮದಲ್ಲಿ ಹೋದವರು ಅರ್ಧದಷ್ಟು ಸಲಕರಣೆಯಲ್ಲಿಯೇ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ.

ಜಾಗದ ಆಯ್ಕೆ

ಎಲ್ಲಕ್ಕಿಂತ ಅಗ್ಗದ ತಂಪು ಎತ್ತರದಲ್ಲಿ ಸಿಗುತ್ತದೆ. ಸ್ಥೂಲವಾಗಿ ಪ್ರತಿ ಸಾವಿರ ಅಡಿ ಏರಿದಂತೆ ಉಷ್ಣಾಂಶ ಮೂರೂವರೆಯಿಂದ ಐದು ಡಿಗ್ರಿ ಫ್ಯಾರನ್‌ಹೀಟಿನಷ್ಟು ಇಳಿಯುತ್ತದೆ. ಸುಮಾರು 1,100 ಅಡಿ ಎತ್ತರದಲ್ಲಿರುವ ಫೀನಿಕ್ಸ್ ನಗರದಲ್ಲಿ ಜುಲೈ ತಿಂಗಳ ಹಗಲಿನ ಸರಾಸರಿ ಗರಿಷ್ಠ ಉಷ್ಣಾಂಶ 106 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 41 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಲಿಂದ ಉತ್ತರಕ್ಕೆ ಎರಡೂವರೆ ಗಂಟೆಯೊಳಗೆ ತಲುಪಬಹುದಾದ, ಸುಮಾರು 7,000 ಅಡಿ ಎತ್ತರದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಅದೇ ತಿಂಗಳು 80 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ರಾತ್ರಿ ಹೊದಿಕೆ ಬೇಕಾಗುತ್ತದೆ. ಸುತ್ತಲಿನ ಕೊಕೊನಿನೊ ರಾಷ್ಟ್ರೀಯ ಅರಣ್ಯದಲ್ಲಿ ನಿಗದಿತ ರಸ್ತೆಗಳ ಬದಿಯಲ್ಲಿ ಶುಲ್ಕವಿಲ್ಲದೆ ಬಿಡಾರ ಹೂಡಬಹುದು. ಅಂಥ ಕಡೆ ಮಧ್ಯಾಹ್ನದ ಎರಡು ಮೂರು ಗಂಟೆಗಳ ಹೊರತು ಏ.ಸಿ.ಯ ಅಗತ್ಯವೇ ಬೀಳುವುದಿಲ್ಲ.

ಪಶ್ಚಿಮದ ಒಣ ರಾಜ್ಯಗಳಿಗೂ ದಕ್ಷಿಣದ ತೇವದ ರಾಜ್ಯಗಳಿಗೂ ಇರುವ ವ್ಯತ್ಯಾಸವನ್ನು ಕಲಬುರಗಿ, ರಾಯಚೂರಿನ ಧಗೆಯನ್ನೂ ಮಂಗಳೂರಿನ ಸೆಕೆಯನ್ನೂ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅರಿಝೋನಾ, ನೆವಾಡ, ಯೂಟಾಗಳಲ್ಲಿ ನೀರು ಹಾಕಿ ನಡೆಸುವ ಏರ್ ಕೂಲರ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. 12 ವೋಲ್ಟಿನ ಪುಟ್ಟ ಕೂಲರ್ ಏ.ಸಿ.ಗೆ ಹೋಲಿಸಿದರೆ ಅತ್ಯಲ್ಪ ವಿದ್ಯುತ್ತಿನಲ್ಲಿ ನಡೆಯುತ್ತದೆ, ಆದರೆ ಕಿಟಕಿ ತೆರೆದಿರಬೇಕು ಮತ್ತು ಕುಡಿಯುವ ನೀರಿನ ದಾಸ್ತಾನಿನಲ್ಲಿ ಅದಕ್ಕೂ ಪಾಲು ಕೊಡಬೇಕು. ಬೇಸಿಗೆಯ ಕೊನೆಯಲ್ಲಿ ಅರಿಝೋನಾಕ್ಕೂ ಮಳೆಗಾಲದ ತೇವ ಬರುತ್ತದೆ ಎಂಬುದು ನೆನಪಿರಲಿ. ಆಗ ಕೂಲರಿನ ಆಟ ನಡೆಯುವುದಿಲ್ಲ. ಹ್ಯೂಸ್ಟನ್ನಿನ ಕರಾವಳಿಯಲ್ಲೋ ಫ್ಲಾರಿಡಾದಲ್ಲೋ ಆಗಸ್ಟಿನ ರಾತ್ರಿಯೂ ಮೈ ಅಂಟುವಷ್ಟು ಸೆಕೆ ಇರುವುದರಿಂದ ರಾತ್ರಿಯಿಡೀ ಏ.ಸಿ. ನಡೆಯಲೇಬೇಕಾಗುತ್ತದೆ. ಅಲ್ಲಿಗೆ ಚಿಕ್ಕ ಮಕ್ಕಳೊಂದಿಗೆ ಹೋಗುವವರಿಗೆ ಕರೆಂಟಿನ ಸಂಪರ್ಕವಿರುವ ಜಾಗವನ್ನೇ ಕಾಯ್ದಿರಿಸಿ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಶಾಖವನ್ನು ಬಾಗಿಲಲ್ಲೇ ತಡೆಯುವುದು

ಚಿಕ್ಕ ಟ್ರೇಲರಿನ ಗೋಡೆ ಒಂದೂವರೆ ಎರಡು ಇಂಚಿಗಿಂತ ದಪ್ಪವಿರುವುದಿಲ್ಲ, ಕಿಟಕಿಗಳಿಗೆ ಒಂದೇ ಪದರದ ಗಾಜಿರುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಪಶ್ಚಿಮದ ಗೋಡೆಯ ಒಳಮೈಯನ್ನು ಅಂಗೈಯಿಂದ ಮುಟ್ಟಿ ನೋಡಿದರೆ ಏ.ಸಿ. ಯಾವುದರೊಂದಿಗೆ ಸೆಣಸುತ್ತಿದೆ ಎಂಬುದು ತಿಳಿಯುತ್ತದೆ. ಅಮೆರಿಕದ ಟ್ರೇಲರುಗಳಲ್ಲಿ ಬಾಗಿಲು ಮತ್ತು ಬಟ್ಟೆಯ ಚಪ್ಪರ ಸಾಮಾನ್ಯವಾಗಿ ಬಲಬದಿಯಲ್ಲಿರುತ್ತವೆ. ಆದ್ದರಿಂದ ಜಾಗ ಅನುಮತಿಸಿದರೆ ಟ್ರೇಲರಿನ ಮೂತಿಯನ್ನು ದಕ್ಷಿಣಕ್ಕೆ ತಿರುಗಿಸಿ ನಿಲ್ಲಿಸಿ. ಆಗ ಚಪ್ಪರ ಪಶ್ಚಿಮಕ್ಕೆ ಬಂದು, ದಿನದ ಅತಿ ಕೆಟ್ಟ ಬಿಸಿಲನ್ನು ಗೋಡೆಗೆ ತಾಗದಂತೆ ತಡೆಯುತ್ತದೆ. ಸೂರ್ಯ ಕೆಳಗಿಳಿದಾಗ ಚಪ್ಪರದ ಅಂಚಿಗೆ ನೆರಳುಬಲೆಯೊಂದನ್ನು ಇಳಿಬಿಟ್ಟರೆ ಇನ್ನೂ ಒಳ್ಳೆಯದು. ಗಾಳಿ ಬೀಸಿದರೆ ಮಾತ್ರ ಚಪ್ಪರವನ್ನು ತಡಮಾಡದೆ ಮಡಚಬೇಕು.

ಕಿಟಕಿಗೆ ಹೊರಗಿನಿಂದ ಕಟ್ಟಿದ ಪರದೆ ಒಳಗಿನಿಂದ ಹಾಕಿದ ಪರದೆಗಿಂತ ಬಹಳ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಗಾಜನ್ನು ದಾಟಿ ಒಳಗೆ ಬಂದ ಬಿಸಿಲಿನ ಬಹುಪಾಲು ಒಳಗೇ ಉಳಿಯುತ್ತದೆ. ಹೊರಗೆ ಕಟ್ಟಲಾಗದಿದ್ದರೆ ರಿಫ್ಲೆಕ್ಟಿಕ್ಸ್‌ನಂಥ ಹೊಳೆಯುವ ಹಾಳೆಯನ್ನು ಕಿಟಕಿಯ ಅಳತೆಗೆ ಕತ್ತರಿಸಿ ಗಾಜಿಗೆ ತಾಗುವಂತೆ ಒತ್ತಿ ನಿಲ್ಲಿಸಿ. ಚಾವಣಿಯ ಗಾಳಿಕಿಂಡಿಗಳಿಗೆಂದೇ 14 ಇಂಚಿನ ಚೌಕದ ದಿಂಬುಗಳು ಅಂಗಡಿಯಲ್ಲಿ ಸಿಗುತ್ತವೆ. ಬಚ್ಚಲಿನ ಪಾರದರ್ಶಕ ಗುಮ್ಮಟಕ್ಕೂ ಒಂದನ್ನು ಸಿಕ್ಕಿಸಿ.

ಒಳಗೆ ಹುಟ್ಟುವ ಶಾಖವನ್ನು ಜನ ಮರೆಯುತ್ತಾರೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖವನ್ನು ಹೊರಸೂಸುತ್ತದೆ, ನಾಲ್ವರಿದ್ದರೆ 400. ಟ್ರೇಲರಿನ ಗ್ಯಾಸ್ ಒಲೆಯ ಒಂದು ಬರ್ನರ್ ಪೂರ್ತಿ ಉರಿಯಲ್ಲಿ ಗಂಟೆಗೆ 6,000ದಿಂದ 9,000 ಬಿ.ಟಿ.ಯು. (ಶಾಖದ ಅಳತೆಮಾನ, ಏ.ಸಿ.ಯ ಸಾಮರ್ಥ್ಯವನ್ನೂ ಇದರಲ್ಲೇ ಹೇಳುತ್ತಾರೆ) ಶಾಖ ಕೊಡುತ್ತದೆ, ಅದು ಪುಟ್ಟ ಏ.ಸಿ.ಯೊಂದರ ಇಡೀ ಸಾಮರ್ಥ್ಯಕ್ಕಿಂತ ಹೆಚ್ಚು. ಅದರ ಜೊತೆಗೆ ಅನ್ನ, ಸಾರಿನ ಹಬೆಯೂ ಗ್ಯಾಸ್ ಉರಿದಾಗ ಹುಟ್ಟುವ ನೀರಾವಿಯೂ ಸೇರಿ, ಏ.ಸಿ.ಯ ಶಕ್ತಿಯ ದೊಡ್ಡ ಪಾಲು ತೇವ ಹಿಂಡುವುದರಲ್ಲೇ ಕಳೆಯುತ್ತದೆ. ಬೇಸಿಗೆಯಲ್ಲಿ ಕುಕ್ಕರನ್ನೂ ದೋಸೆ ಕಾವಲಿಯನ್ನೂ ಚಪ್ಪರದಾಚೆಗಿನ ಮೇಜಿನ ಮೇಲಿಟ್ಟುಕೊಳ್ಳುವುದು ಯಾವ ದುಬಾರಿ ಸಲಕರಣೆಗೂ ಕಡಿಮೆಯಿಲ್ಲದ ಉಪಾಯ.

ಏ.ಸಿ.ಯ ಹಸಿವು

ಚಿಕ್ಕ ಟ್ರೇಲರುಗಳ ಮೇಲೂ ಕಾರ್ಖಾನೆಯವರು ಸಾಮಾನ್ಯವಾಗಿ ಕೂರಿಸುವುದು 13,500 ಬಿ.ಟಿ.ಯು.ಗಳ ಏ.ಸಿ.ಯನ್ನು, ಅಂದರೆ ಒಂದು ಟನ್ನಿಗಿಂತ ತುಸು ಹೆಚ್ಚಿನದನ್ನು. ಅದು ನಡೆಯುವಾಗ 120 ವೋಲ್ಟಿನಲ್ಲಿ 12 ಆಂಪಿಯರಿನ ಆಸುಪಾಸು, ಅಂದರೆ ಸುಮಾರು 1,400 ವ್ಯಾಟ್ ಎಳೆಯುತ್ತದೆ. ಹೊರಗಿನ ಬಿಸಿಲು ಏರಿದಂತೆ ಇದೂ ಏರುತ್ತದೆ. ಆದರೆ ನಿಜವಾದ ತೊಡಕು ಇರುವುದು ಕಂಪ್ರೆಸರ್ ಹೊರಡುವ ಕ್ಷಣದಲ್ಲಿ. ನಿಂತ ಲಾರಿಯನ್ನು ನೂಕಿ ಕದಲಿಸುವುದಕ್ಕೆ ಬೇಕಾದ ಬಲ ಉರುಳುತ್ತಿರುವ ಲಾರಿಗೆ ಬೇಕಾಗುವುದಿಲ್ಲವಲ್ಲ, ಹಾಗೆಯೇ ಕಂಪ್ರೆಸರ್ ಕೂಡ ಕಣ್ಣುಮುಚ್ಚಿ ತೆರೆಯುವುದರೊಳಗೆ 50ರಿಂದ 60 ಆಂಪಿಯರ್ ಕೇಳುತ್ತದೆ. ಥರ್ಮೋಸ್ಟಾಟ್ ಟಿಕ್ ಎನ್ನುತ್ತದೆ, ಮೊದಲು ಫ್ಯಾನ್ ತಿರುಗುತ್ತದೆ, ತುಸು ಹೊತ್ತಿನ ಮೇಲೆ ಚಾವಣಿ ಒಮ್ಮೆ ಗುಮ್ಮೆಂದು ಅದುರುತ್ತದೆ, ಹೊರಗೆ ಜನರೇಟರ್ ಉಸಿರುಗಟ್ಟಿದಂತೆ ನರಳುತ್ತದೆ, ಅದರ ಕೆಂಪು ಓವರ್‌ಲೋಡ್ ದೀಪ ಹತ್ತಿ ಎಲ್ಲವೂ ನಿಶ್ಶಬ್ದವಾಗುತ್ತದೆ. ಜನರೇಟರ್ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವವರಲ್ಲಿ ಅನೇಕರ ಜನರೇಟರಿಗೆ ಏನೂ ಆಗಿರುವುದಿಲ್ಲ.

ಇದಕ್ಕೆ ಮದ್ದು ಸಾಫ್ಟ್ ಸ್ಟಾರ್ಟರ್. ಮೈಕ್ರೋ-ಏರ್ ಸಂಸ್ಥೆಯ ಈಸಿಸ್ಟಾರ್ಟ್, ಸಾಫ್ಟ್‌ಸ್ಟಾರ್ಟ್‌ಆರ್‌ವಿ ಮುಂತಾದ ಹೆಸರುಗಳಲ್ಲಿ ಸಿಗುವ ಈ ಪುಟ್ಟ ಪೆಟ್ಟಿಗೆಯನ್ನು ಏ.ಸಿ.ಯ ಹೊದಿಕೆಯ ಕೆಳಗೆ ಕಂಪ್ರೆಸರಿನ ತಂತಿಗಳಿಗೆ ಜೋಡಿಸುತ್ತಾರೆ. ಅದು ಕಂಪ್ರೆಸರನ್ನು ಒಮ್ಮೆಲೆ ಎಳೆಯದೆ ಮೆಲ್ಲನೆ ವೇಗಕ್ಕೆ ತರುತ್ತದೆ. ಹೊರಡುವ ಎಳೆತ ಅರ್ಧಕ್ಕಿಂತ ಬಹಳಷ್ಟು ಕೆಳಗಿಳಿಯುತ್ತದೆ. ಜೋಡಿಸಿದ ಮೇಲೆ ಮೊದಲ ಕೆಲವು ಸಲ ಅದು ನಿಮ್ಮ ಕಂಪ್ರೆಸರಿನ ಸ್ವಭಾವವನ್ನು ಕಲಿಯಬೇಕಿರುವುದರಿಂದ, ಆ ಕಲಿಕೆಯನ್ನು ಮನೆಯ ಕರೆಂಟಿನಲ್ಲಿಯೋ ದೊಡ್ಡ ಜನರೇಟರಿನಲ್ಲಿಯೋ ಮುಗಿಸಿಕೊಂಡು ಹೊರಡಿ. ಜೋಡಿಸುವ ಮುನ್ನ ವಿದ್ಯುತ್ ಸಂಪರ್ಕವನ್ನು ಪೂರ್ತಿ ಕಡಿದು, ಒಳಗಿನ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತನ್ನು ಬರಿದು ಮಾಡದೆ ಕೈ ಹಾಕಬಾರದು. ವಿದ್ಯುತ್ ಕೆಲಸದ ರೂಢಿ ಇಲ್ಲದವರು ಇದನ್ನು ತಿಳಿದವರಿಂದಲೇ ಮಾಡಿಸಲಿ. ಏ.ಸಿ.ಗಾಗಿ ಒಂದೇ ಒಂದು ವಸ್ತುವಿಗೆ ಹಣ ಹಾಕುವುದಾದರೆ ನಾನು ಸೂಚಿಸುವುದು ಇದನ್ನೇ.

ಹಾಗೆಯೇ ಏ.ಸಿ.ಯ ಒಳಮುಖದ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿ, ಟಾರ್ಚ್ ಹಿಡಿದು ಒಮ್ಮೆ ಮೇಲೆ ನೋಡಿ. ತಣ್ಣನೆಯ ಗಾಳಿ ಹೊರಬರುವ ಕೋಣೆಗೂ ಕೊಠಡಿಯ ಗಾಳಿಯನ್ನು ಎಳೆದುಕೊಳ್ಳುವ ಕೋಣೆಗೂ ನಡುವೆ ತೆಳುವಾದ ತಡಿಕೆಯೊಂದಿರುತ್ತದೆ, ಮತ್ತು ಅನೇಕ ಟ್ರೇಲರುಗಳಲ್ಲಿ ಅದರ ಅಂಚುಗಳನ್ನು ಅವಸರದಲ್ಲಿ ಅಂಟಿಸಿ ಬಿಟ್ಟಿರುತ್ತಾರೆ. ಬೆರಳು ತೂರುವಷ್ಟು ಸಂದು ಇದ್ದರೂ ತಣ್ಣನೆಯ ಗಾಳಿ ನಿಮ್ಮತ್ತ ಬಾರದೆ ನೇರವಾಗಿ ಹಿಂದಕ್ಕೆ ಹೀರಲ್ಪಡುತ್ತದೆ. ಅಲ್ಯೂಮಿನಿಯಂ ಹಾಳೆಯ ಟೇಪಿನಿಂದ ಆ ಸಂದುಗಳನ್ನು ಮುಚ್ಚುವುದು ಒಂದು ಮಧ್ಯಾಹ್ನದ ಕೆಲಸ. ಫಿಲ್ಟರನ್ನು ತೊಳೆದು, ಚಾವಣಿಯ ಮೇಲೆ ಶಾಖವನ್ನು ಹೊರಹಾಕುವ ಕಂಡೆನ್ಸರ್ ಜಾಲರಿಯ ಧೂಳು, ಎಲೆಗಳನ್ನು ತೆಗೆದ ಮೇಲೆ, ಒಳಹೋಗುವ ಗಾಳಿಯ ಮತ್ತು ಹೊರಬರುವ ಗಾಳಿಯ ಉಷ್ಣಾಂಶವನ್ನು ಅಡುಗೆಯ ಥರ್ಮಾಮೀಟರಿನಿಂದ ಅಳೆಯಿರಿ. ಎರಡರ ನಡುವೆ 18ರಿಂದ 22 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸವಿದ್ದರೆ ಯಂತ್ರ ಸರಿಯಾಗಿದೆ. ಹೊರಗೆ ಎಷ್ಟೇ ಬಿಸಿಲಿದ್ದರೂ ಅದರಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬಾರದು.

ಹದಿನೇಳು ಹದಿನೆಂಟು ಅಡಿಯೊಳಗಿನ ಟ್ರೇಲರ್ ಆಗಿದ್ದು, ಮೇಲೆ ಹೇಳಿದಂತೆ ಬಿಸಿಲನ್ನು ತಡೆದಿದ್ದರೆ, 5,000 ಬಿ.ಟಿ.ಯು.ಗಳ ಸಾಮಾನ್ಯ ಕಿಟಕಿ ಏ.ಸಿ.ಯೂ ಮಲಗುವ ಜಾಗಕ್ಕೆ ಸಾಕಾಗುತ್ತದೆ. ಅದು ಎಳೆಯುವುದು ಸುಮಾರು 450 ವ್ಯಾಟ್ ಮಾತ್ರ. ಅದರ ಹಿಂಬದಿಯ ಬಿಸಿಗಾಳಿಗೆ ಹೊರಗೆ ಹೋಗುವ ದಾರಿಯನ್ನೂ ನೀರು ತೊಟ್ಟಿಕ್ಕುವ ದಾರಿಯನ್ನೂ ಮಾಡಿಕೊಡಲೇಬೇಕು. ಬೀರುವಿನೊಳಗೆ ತುರುಕಿ ಬಾಗಿಲು ಮುಚ್ಚಿದರೆ ಅದು ತನ್ನ ಶಾಖದಲ್ಲೇ ಬೇಯುತ್ತದೆ. ಇನ್ವರ್ಟರ್ ಮಾದರಿಯ ಮಿನಿ ಸ್ಪ್ಲಿಟ್ ಏ.ಸಿ.ಗಳು ಕಂಪ್ರೆಸರಿನ ವೇಗವನ್ನು ಬೇಕಾದಷ್ಟಕ್ಕೆ ಇಳಿಸಿಕೊಳ್ಳುವುದರಿಂದ ಬ್ಯಾಟರಿಗೆ ಬಹಳ ಹಿತ, ಹೊರಡುವಾಗಿನ ಎಳೆತವೂ ಇಲ್ಲ. ಆದರೆ ಹೊರಗಿನ ಘಟಕವನ್ನು ಟ್ರೇಲರಿನ ಮೂತಿಯಲ್ಲೋ ಹಿಂಬದಿಯಲ್ಲೋ ಗಟ್ಟಿಯಾಗಿ ಕೂರಿಸಬೇಕು, ರಸ್ತೆಯ ಕುಲುಕಾಟಕ್ಕೆ ತಾಮ್ರದ ಕೊಳವೆಗಳು ಸಡಿಲವಾಗದಂತೆ ನೋಡಿಕೊಳ್ಳಬೇಕು. 12 ವೋಲ್ಟಿನಲ್ಲಿಯೇ ನೇರವಾಗಿ ನಡೆಯುವ ಚಾವಣಿ ಏ.ಸಿ.ಗಳೂ ಬಂದಿವೆ, ಬೆಲೆ ಹೆಚ್ಚು, ಆದರೂ ಹಳೆಯದು ಕೆಟ್ಟು ಹೊಸದನ್ನು ಹಾಕುವ ಸಂದರ್ಭ ಬಂದಾಗ ವಿಚಾರಿಸಿ ನೋಡುವುದಕ್ಕೆ ಯೋಗ್ಯ.

ಜನರೇಟರ್

ವಾರಾಂತ್ಯಕ್ಕೆ ಹೋಗಿ ಬರುವ ಕುಟುಂಬಕ್ಕೆ ಸಾಫ್ಟ್ ಸ್ಟಾರ್ಟರ್ ಜೋಡಿಸಿದ ಏ.ಸಿ. ಮತ್ತು 2,200 ವ್ಯಾಟಿನ ಒಂದು ಇನ್ವರ್ಟರ್ ಜನರೇಟರ್ ಎಲ್ಲಕ್ಕಿಂತ ವಿವೇಕದ ಜೋಡಿ. ಹೆಸರಿನಲ್ಲಿರುವ ಸಂಖ್ಯೆಗೆ ಮಾತ್ರ ಮರುಳಾಗಬೇಡಿ. ಉದಾಹರಣೆಗೆ ಹೋಂಡಾ ಇಯು2200ಐ ಕ್ಷಣಮಾತ್ರ 2,200 ವ್ಯಾಟ್ ಕೊಟ್ಟರೂ ನಿರಂತರವಾಗಿ ಕೊಡುವುದು 1,800. ಅದರ ತೊಟ್ಟಿಯಲ್ಲಿ ಹಿಡಿಯುವುದು ಒಂದು ಗ್ಯಾಲನ್ನಿಗಿಂತ ತುಸು ಕಡಿಮೆ ಪೆಟ್ರೋಲು. ಪೂರ್ತಿ ಹೊರೆಯಲ್ಲಿ ಅದು ಮೂರು ಗಂಟೆಗೆ ಸ್ವಲ್ಪ ಮೇಲೆ ಬರುತ್ತದೆ, ಕಾಲು ಹೊರೆಯಲ್ಲಿ ಎಂಟು ಗಂಟೆ. ಕಂಪ್ರೆಸರ್ ನಿಂತು ಹೊರಡುತ್ತಿದ್ದರೆ ಒಂದು ತೊಟ್ಟಿಗೆ ನಾಲ್ಕೈದು ಗಂಟೆ ಎಂದು ಎಣಿಸಬಹುದು.

ಎತ್ತರ ಇಲ್ಲಿಯೂ ಲೆಕ್ಕಕ್ಕೆ ಬರುತ್ತದೆ. ಗಾಳಿ ತೆಳುವಾದಂತೆ ಪ್ರತಿ ಸಾವಿರ ಅಡಿಗೆ ಎಂಜಿನ್ ಸುಮಾರು ಶೇ. 3.5ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 7,000 ಅಡಿಯಲ್ಲಿ 1,800 ವ್ಯಾಟಿನ ಜಾಗದಲ್ಲಿ 1,360ರಷ್ಟು ಮಾತ್ರ ಸಿಗುತ್ತದೆ. ಪ್ರೊಪೇನ್ ಗ್ಯಾಸಿನಲ್ಲಿ ನಡೆಸಿದರೆ ಇನ್ನೂ ಹತ್ತು ಶೇಕಡಾ ಕಡಿಮೆ. ಅಲ್ಲಿನ ಹವೆ ತಂಪಾಗಿರುವುದರಿಂದ ಏ.ಸಿ.ಯ ಎಳೆತವೂ ಕಡಿಮೆಯಿರುತ್ತದೆ ಎಂಬುದೊಂದು ಸಮಾಧಾನ. ಆದರೂ ಎತ್ತರದಲ್ಲಿ ದೊಡ್ಡ ಏ.ಸಿ. ನಡೆಸಬೇಕೆನ್ನುವವರು ಎರಡು ಪುಟ್ಟ ಜನರೇಟರುಗಳನ್ನು ಜೋಡಿಸಿ ನಡೆಸುವುದು ಒಳ್ಳೆಯದು. ಒಂದೊಂದನ್ನೂ ಒಬ್ಬರೇ ಎತ್ತಿ ಇಡಬಹುದು.

ಜನರೇಟರನ್ನು ಹೊರಡಿಸುವಾಗ, ಹೊರೆ ಕಡಿಮೆಯಿದ್ದಾಗ ಎಂಜಿನ್ನಿನ ವೇಗ ಇಳಿಸುವ ಇಕೋ ಸ್ವಿಚ್ಚನ್ನು ಆಫ್ ಮಾಡಿ, ಯಾವ ಹೊರೆಯೂ ಇಲ್ಲದೆ ಎರಡು ಮೂರು ನಿಮಿಷ ಓಡಲು ಬಿಡಿ. ಫ್ರಿಜ್ಜನ್ನೂ ನೀರು ಕಾಯಿಸುವ ಯಂತ್ರವನ್ನೂ ಗ್ಯಾಸಿಗೆ ತಿರುಗಿಸಿ, ಮೈಕ್ರೋವೇವ್ ಬಳಸದಂತೆ ಮನೆಯವರಿಗೆ ಹೇಳಿ. ಮೊದಲು ಏ.ಸಿ.ಯ ಫ್ಯಾನ್ ಮಾತ್ರ ಹಾಕಿ, ಆಮೇಲೆ ತಂಪಿನ ಗುಂಡಿ ತಿರುಗಿಸಿ. ಜನರೇಟರಿನಿಂದ ಟ್ರೇಲರಿಗೆ 10 ಗೇಜಿನ ದಪ್ಪ ಕೇಬಲ್ ಇರಬೇಕು. ತೆಳ್ಳನೆಯ ತೋಟದ ವೈರಿನಲ್ಲಿ ವೋಲ್ಟೇಜ್ ಕುಸಿದು ಕಂಪ್ರೆಸರ್ ಸುಡುವ ಅಪಾಯವಿದೆ. ಟ್ರೇಲರಿನ ಪ್ಲಗ್ಗಿನಲ್ಲಿ ಚುಚ್ಚುವ ಪುಟ್ಟ ವೋಲ್ಟ್‌ಮೀಟರ್ 105ಕ್ಕಿಂತ ಕೆಳಗೆ ತೋರಿಸಿದರೆ ಏ.ಸಿ.ಯನ್ನು ಆಫ್ ಮಾಡಿ. ಸರ್ಜ್ ರಕ್ಷಕ ಪೆಟ್ಟಿಗೆ ಇಟ್ಟುಕೊಂಡವರಿಗೆ ಅದು ಜನರೇಟರಿನಲ್ಲಿ ಅರ್ತಿಂಗ್ ಇಲ್ಲವೆಂದು ಕರೆಂಟ್ ಬಿಡದೆ ಇರುವ ಅನುಭವ ಆಗಬಹುದು. ಇಂಥ ಜನರೇಟರುಗಳ ನ್ಯೂಟ್ರಲ್ ಸಾಮಾನ್ಯವಾಗಿ ನೆಲತಂತಿಗೆ ಕೂಡಿರುವುದಿಲ್ಲ, ಅದನ್ನು ಕೂಡಿಸುವ ಬಾಂಡಿಂಗ್ ಪ್ಲಗ್ ಅಗ್ಗಕ್ಕೆ ಸಿಗುತ್ತದೆ.

ಇನ್ನು ಜೀವದ ಪ್ರಶ್ನೆ. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ. ಜನರೇಟರ್ ಟ್ರೇಲರಿನಿಂದ, ನೆರೆಯವರ ಡೇರೆಗಳಿಂದಲೂ ಕಡೇಪಕ್ಷ 20 ಅಡಿ ದೂರದಲ್ಲಿ, ಹೊಗೆಕೊಳವೆ ಆಚೆಗೆ ಮುಖ ಮಾಡಿರುವಂತೆ ಇರಬೇಕು. ಚಪ್ಪರದ ಕೆಳಗೆ, ಟ್ರೇಲರಿನ ಅಡಿಯಲ್ಲಿ, ಮಳೆ ಬಂತೆಂದು ಬಾಗಿಲ ಬಳಿ ಯಾವ ಕಾರಣಕ್ಕೂ ಇಡಕೂಡದು. ಗಾಳಿಯ ದಿಕ್ಕು ಸಂಜೆ ಬದಲಾಗುತ್ತದೆ. ಆಗಾಗ ಎದ್ದು ನೋಡಿ. ಟ್ರೇಲರಿನೊಳಗಿನ ಕಾರ್ಬನ್ ಮಾನಾಕ್ಸೈಡ್ ಸೂಚಕದ ಗುಂಡಿಯೊತ್ತಿ ಹೊರಡುವ ಮುನ್ನ ಪರೀಕ್ಷಿಸಿ, ಅದರ ಹಿಂಬದಿಯಲ್ಲಿ ಬರೆದಿರುವ ಅವಧಿ ಮುಗಿದಿದ್ದರೆ ಬದಲಿಸಿ. ಹೊಸ ಜನರೇಟರುಗಳಲ್ಲಿ ಈ ಅನಿಲ ಹೆಚ್ಚಾದಾಗ ತಾನೇ ನಿಲ್ಲುವ ವ್ಯವಸ್ಥೆಯಿದೆ, ಆದರೆ ಅದು ಒಳಗಿನ ಸೂಚಕಕ್ಕೆ ಬದಲಿ ಅಲ್ಲ. ಎಲ್ಲರೂ ಮಲಗಿದ ಮೇಲೆ ಜನರೇಟರ್ ನಡೆಸುವುದನ್ನು ನಾನು ಒಪ್ಪುವುದಿಲ್ಲ. ಬಿಸಿಯಾದ ಎಂಜಿನ್ನಿಗೆ ಪೆಟ್ರೋಲು ಹಾಕುವುದೂ ಬೇಡ.

ನಿಯಮಗಳೂ ಇವೆ. ರಾಷ್ಟ್ರೀಯ ಉದ್ಯಾನಗಳಲ್ಲಿ 50 ಅಡಿ ದೂರದಿಂದ ಅಳೆದಾಗ 60 ಡೆಸಿಬಲ್ ಮೀರುವ ಯಂತ್ರವನ್ನು ನಡೆಸುವಂತಿಲ್ಲ, ಮತ್ತು ಹೆಚ್ಚಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಬೆಳಿಗ್ಗೆ ಸಂಜೆ ಗೊತ್ತುಪಡಿಸಿದ ಕೆಲವು ಗಂಟೆಗಳಷ್ಟೇ ಅನುಮತಿ. ಅರಣ್ಯದಲ್ಲಿ ನಡೆಸುವ ಜನರೇಟರಿನ ಹೊಗೆಕೊಳವೆಗೆ ಕಿಡಿ ತಡೆಯುವ ಜಾಲರಿ ಇರಬೇಕು. ಒಣ ಹುಲ್ಲಿನ ಮೇಲೆ ಇಡದೆ ಬರಿನೆಲವನ್ನೋ ಕಲ್ಲುಹಾಸನ್ನೋ ಆರಿಸಿಕೊಳ್ಳಿ. ಬಿ.ಎಲ್.ಎಂ. ಬಯಲಿನಲ್ಲಿ ಸಾಮಾನ್ಯವಾಗಿ ಒಂದೆಡೆ 14 ದಿನಗಳವರೆಗೆ ಇರಬಹುದು.

ಬ್ಯಾಟರಿಯ ಲೆಕ್ಕ

ಜನರೇಟರಿನ ಸದ್ದು ಬೇಡ, ರಾತ್ರಿಯಲ್ಲೂ ಏ.ಸಿ. ಬೇಕು ಎನ್ನುವವರಿಗೆ ಬ್ಯಾಟರಿಯೇ ದಾರಿ. ಇಲ್ಲಿ ಲೆಕ್ಕ ನಿಷ್ಠುರವಾದದ್ದು, ಆದರೆ ಕಷ್ಟದ್ದಲ್ಲ. 100 ಆಂಪಿಯರ್-ಅವರಿನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 12.8 ವೋಲ್ಟಿನಂತೆ 1,280 ವ್ಯಾಟ್-ಅವರ್ ಇರುತ್ತದೆ. ದೊಡ್ಡ ಏ.ಸಿ. ಎಳೆಯುವ 1,400 ವ್ಯಾಟಿಗೆ, ಬ್ಯಾಟರಿಯ ವಿದ್ಯುತ್ತನ್ನು 120 ವೋಲ್ಟಿಗೆ ಬದಲಿಸುವ ಇನ್ವರ್ಟರಿನಲ್ಲಿ ಸೋರುವ ಸುಮಾರು ಹತ್ತು ಶೇಕಡಾ ಸೇರಿಸಿದರೆ ಬ್ಯಾಟರಿಯಿಂದ ಹೋಗುವುದು 1,550. ಅಂದರೆ ಒಂದು ಬ್ಯಾಟರಿ 50 ನಿಮಿಷವೂ ಬಾರದು. ಅದೂ ಕಾಗದದ ಮೇಲೆ ಮಾತ್ರ, ಏಕೆಂದರೆ ಆಗ ಹರಿಯಬೇಕಾದ 120 ಆಂಪಿಯರನ್ನು 100ಕ್ಕೆ ಮಿತಿಗೊಳಿಸಿದ ಬ್ಯಾಟರಿಯ ಒಳಗಿನ ರಕ್ಷಣಾ ಮಂಡಲ ಕೊಡಲೊಪ್ಪದೆ ಕಡಿತಗೊಳಿಸುತ್ತದೆ. ಅಂಥ ನಾಲ್ಕು ಬ್ಯಾಟರಿಗಳನ್ನು ಸಮಾಂತರವಾಗಿ ಜೋಡಿಸಿದರೆ, ತಳಮುಟ್ಟ ಬಳಸದೆ, ಎಡೆಬಿಡದೆ ಮೂರು ಗಂಟೆ. ಕಂಪ್ರೆಸರ್ ಅರ್ಧ ಹೊತ್ತು ವಿಶ್ರಮಿಸಿದರೆ ಆರು ಗಂಟೆ. ಅವೇ ನಾಲ್ಕು ಬ್ಯಾಟರಿಗಳು 5,000 ಬಿ.ಟಿ.ಯು.ಗಳ ಕಿಟಕಿ ಏ.ಸಿ.ಯನ್ನು ಒಂಬತ್ತು ಗಂಟೆ ಸತತವಾಗಿ ನಡೆಸುತ್ತವೆ, ಎರಡೇ ಬ್ಯಾಟರಿಗಳು ನಾಲ್ಕೂವರೆ ಗಂಟೆ. ಏ.ಸಿ.ಯ ಹಸಿವನ್ನು ಮೊದಲು ತಗ್ಗಿಸಿ ಎಂದು ಒತ್ತಿ ಹೇಳಿದ್ದು ಇದಕ್ಕಾಗಿಯೇ.

ಹಳೆಯ ಸೀಸದ ಬ್ಯಾಟರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಆಯುಷ್ಯ ಕುಗ್ಗುತ್ತದೆ, ವೇಗವಾಗಿ ಎಳೆದಷ್ಟೂ ಅವು ಕೊಡುವ ಒಟ್ಟು ಶಕ್ತಿಯೂ ಇಳಿಯುತ್ತದೆ. ತೂಕವಂತೂ ಲಿಥಿಯಮ್ಮಿನ ಎರಡರಷ್ಟು. ಏ.ಸಿ.ಗಾಗಿ ಅವುಗಳನ್ನು ಕೊಳ್ಳಬೇಡಿ.

ಇನ್ವರ್ಟರ್ ಶುದ್ಧ ಸೈನ್ ತರಂಗದ್ದಾಗಿರಲಿ, ದೊಡ್ಡ ಏ.ಸಿ.ಗೆ 3,000 ವ್ಯಾಟಿನದಾಗಿರಲಿ. ಅದು ಪೂರ್ತಿ ಹೊರೆ ಹೊತ್ತಾಗ 12 ವೋಲ್ಟಿನ ತಂತಿಯಲ್ಲಿ 250 ಆಂಪಿಯರಿಗೂ ಮೇಲೆ ಹರಿಯುವುದರಿಂದ, ಹೆಬ್ಬೆರಳಿನ ದಪ್ಪದ 4/0 ತಾಮ್ರದ ಕೇಬಲ್ ಬೇಕು, ಮತ್ತು ಅದು ಎಷ್ಟು ಗಿಡ್ಡವಿದ್ದರೆ ಅಷ್ಟು ಕ್ಷೇಮ. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಕ್ಲಾಸ್ ಟಿ ಫ್ಯೂಸ್ ಇರಬೇಕು. ಲಿಥಿಯಂ ಬ್ಯಾಟರಿ ಶಾರ್ಟ್ ಆದಾಗ ಹರಿಯುವ ಪ್ರವಾಹವನ್ನು ಅಗ್ಗದ ಫ್ಯೂಸುಗಳು ಕಡಿಯಲಾರವು. ಮೊದಲ ಸಲ ಏ.ಸಿ. ಅರ್ಧ ಗಂಟೆ ನಡೆದ ಮೇಲೆ ಅದನ್ನು ನಿಲ್ಲಿಸಿ, ಅತಿಗೆಂಪು ಥರ್ಮಾಮೀಟರಿನಿಂದ ಒಂದೊಂದು ಕೂಡುಗಂಟಿನ ಉಷ್ಣಾಂಶವನ್ನೂ ನೋಡಿ. ಉಳಿದವುಗಳಿಗಿಂತ ಬಿಸಿಯಾಗಿರುವುದು ಸಡಿಲವಾಗಿದೆ ಎಂದರ್ಥ.

ಸುಲಭವಾಗಿ ಕಣ್ತಪ್ಪುವ ಸಂಗತಿಯೊಂದಿದೆ. ಇನ್ವರ್ಟರಿನಿಂದ ಇಡೀ ಟ್ರೇಲರಿಗೆ ಕರೆಂಟ್ ಕೊಟ್ಟಾಗ ಟ್ರೇಲರಿನ ಸ್ವಂತ ಬ್ಯಾಟರಿ ಚಾರ್ಜರ್ ಕೂಡ ಎಚ್ಚೆತ್ತು, ಬ್ಯಾಟರಿಯಿಂದ ತೆಗೆದ ವಿದ್ಯುತ್ತಿನಲ್ಲೇ ಬ್ಯಾಟರಿಯನ್ನು ತುಂಬಲು ತೊಡಗುತ್ತದೆ. ಸುತ್ತಿನಲ್ಲಿ ಶಕ್ತಿ ಸೋರಿಹೋಗುತ್ತದೆ. ಆ ಚಾರ್ಜರಿನ ಬ್ರೇಕರನ್ನು ಆಫ್ ಮಾಡಿಯೇ ಇನ್ವರ್ಟರ್ ಹಾಕಬೇಕು. ವಿಕ್ಟ್ರಾನ್ ಮಲ್ಟಿಪ್ಲಸ್‌ನಂಥ ಇನ್ವರ್ಟರ್-ಚಾರ್ಜರುಗಳಲ್ಲಿ ಚಿಕ್ಕ ಜನರೇಟರ್ ಸೋತ ಕ್ಷಣದಲ್ಲಿ ಬ್ಯಾಟರಿ ಕೈಜೋಡಿಸುವ ಅನುಕೂಲವೂ ಇದೆ. ಸಾವಿರ ವ್ಯಾಟಿನ ಜನರೇಟರಿನಿಂದಲೂ ದೊಡ್ಡ ಏ.ಸಿ. ಹೊರಡುವುದನ್ನು ಅದು ಸಾಧ್ಯವಾಗಿಸುತ್ತದೆ.

ಮರುಭೂಮಿಯಲ್ಲಿ ಬ್ಯಾಟರಿಯನ್ನು ಮುಂಬದಿಯ ತಗಡಿನ ಪೆಟ್ಟಿಗೆಯಲ್ಲಿಡುವುದಕ್ಕಿಂತ ಟ್ರೇಲರಿನ ಒಳಗೆ, ಮಂಚದ ಕೆಳಗೆ ಇಡುವುದು ಮೇಲು. ಹಲವು ಲಿಥಿಯಂ ಬ್ಯಾಟರಿಗಳು 45 ಡಿಗ್ರಿ ಸೆಲ್ಸಿಯಸ್ ದಾಟಿದರೆ ಚಾರ್ಜ್ ತೆಗೆದುಕೊಳ್ಳುವುದಿಲ್ಲ, ಶೂನ್ಯಕ್ಕಿಂತ ಕೆಳಗೆ ಇಳಿದರೂ ಅಷ್ಟೇ. ಭಾರವನ್ನು ಎಲ್ಲಿಡುತ್ತೀರಿ ಎಂಬುದೂ ಮುಖ್ಯ. ಟ್ರೇಲರಿನ ಒಟ್ಟು ತೂಕದ ಹತ್ತರಿಂದ ಹದಿನೈದು ಶೇಕಡಾ ಕೊಕ್ಕೆಯ ಮೇಲೆ ಬೀಳಬೇಕು.

ಸೋಲಾರಿನಿಂದ ನಿರೀಕ್ಷಿಸಬಹುದಾದದ್ದು

ಚಿಕ್ಕ ಟ್ರೇಲರಿನ ಚಾವಣಿಯಲ್ಲಿ ಏ.ಸಿ., ಗಾಳಿಕಿಂಡಿಗಳು ಬಿಟ್ಟು ಉಳಿದ ಜಾಗದಲ್ಲಿ 400 ವ್ಯಾಟ್, ಬಿಗಿಯಾಗಿ ಜೋಡಿಸಿದರೆ 600 ವ್ಯಾಟ್ ಪ್ಯಾನೆಲ್ ಹಿಡಿಯಬಹುದು. ಜೂನ್ ತಿಂಗಳ ಅರಿಝೋನಾದ ಬಿಸಿಲಿನಲ್ಲಿ, ಚಪ್ಪಟೆಯಾಗಿ ಮಲಗಿಸಿದ 400 ವ್ಯಾಟಿನಿಂದ ದಿನಕ್ಕೆ 1,600ರಿಂದ 2,000 ವ್ಯಾಟ್-ಅವರ್ ಬಂದರೆ ಒಳ್ಳೆಯ ದಿನ. ಅದು ದೊಡ್ಡ ಏ.ಸಿ.ಗೆ ಒಂದು ಗಂಟೆಗೆ ತುಸು ಮೇಲೆ, ಚಿಕ್ಕದಕ್ಕೆ ಮೂರೂವರೆ ಗಂಟೆ. ಸೋಲಾರ್ ಹಾಕಿಸಿದರೆ ದಿನವಿಡೀ ಏ.ಸಿ. ನಡೆಯುತ್ತದೆ ಎಂದು ಯಾರಾದರೂ ಮಾರಲು ಬಂದರೆ ಈ ಲೆಕ್ಕವನ್ನು ಮುಂದಿಡಿ. ಪ್ಯಾನೆಲಿಗೆ ಬಿಸಿಲು ಬೇಕು, ಮಲಗುವವರಿಗೆ ನೆರಳು ಬೇಕು ಎಂಬ ಇಕ್ಕಟ್ಟಿಗೆ ಉತ್ತರ, ಟ್ರೇಲರನ್ನು ಮರದ ಕೆಳಗೆ ನಿಲ್ಲಿಸಿ, ಮಡಚುವ ಪ್ಯಾನೆಲುಗಳನ್ನು ಉದ್ದ ಕೇಬಲಿನಿಂದ ಬಯಲಿನಲ್ಲಿ ಸೂರ್ಯನತ್ತ ವಾಲಿಸಿ ಇಡುವುದು. ಪ್ಯಾನೆಲಿನ ಮೂಲೆಯ ಮೇಲೆ ಬಿದ್ದ ಒಂದು ಕೊಂಬೆಯ ನೆರಳೂ ಅದರ ಉತ್ಪಾದನೆಯನ್ನು ತೀವ್ರವಾಗಿ ಇಳಿಸುತ್ತದೆ. ಎಳೆಯುವ ವಾಹನದಿಂದ 30 ಆಂಪಿಯರಿನ ಡಿ.ಸಿ. ಚಾರ್ಜರ್ ಹಾಕಿಸಿದ್ದರೆ ನಾಲ್ಕು ಗಂಟೆಯ ಪಯಣಕ್ಕೆ 1,400 ವ್ಯಾಟ್-ಅವರಿನಷ್ಟು ಸೇರುತ್ತದೆ.

ದಿನವನ್ನು ಹಂಚಿಕೊಳ್ಳುವುದು

ಸಲಕರಣೆ ಯಾವುದಾದರೂ ಇರಲಿ, ಯಾವ ಹೊತ್ತಿನಲ್ಲಿ ತಂಪು ಬೇಕೇಬೇಕು ಎಂಬುದನ್ನು ನಿಶ್ಚಯಿಸಿಕೊಂಡರೆ ಅರ್ಧ ಸಮಸ್ಯೆ ಕಳೆಯುತ್ತದೆ. ಬೆಳಗಿನ ತಂಪಿನಲ್ಲಿ ಎಲ್ಲ ಕಿಟಕಿ ತೆರೆದು, ಹತ್ತು ಗಂಟೆಯೊಳಗೆ ಮುಚ್ಚಿ ಪರದೆ ಎಳೆಯಿರಿ. ಊಟದ ನಂತರ ಮಕ್ಕಳೂ ಹಿರಿಯರೂ ಮಲಗುವ ಎರಡು ಗಂಟೆ, ಒಬ್ಬರಾದರೂ ಎಚ್ಚರವಿದ್ದು, ಜನರೇಟರ್ ನಡೆಸಿದರೆ ಬ್ಯಾಟರಿಯೂ ತುಂಬಿಕೊಳ್ಳುತ್ತದೆ. ಹೊರಗೆ ಸುತ್ತಾಡಿ ಬಂದಾಗ ಒಲೆಯಂತೆ ಕಾದ ಟ್ರೇಲರಿನಲ್ಲಿ ತಟ್ಟನೆ ಏ.ಸಿ. ಹಾಕಬೇಡಿ, ಬಾಗಿಲು ತೆರೆದು, ಚಾವಣಿಯ 12 ವೋಲ್ಟಿನ ಫ್ಯಾನಿನಿಂದ ಕಾದ ಗಾಳಿಯನ್ನು ಐದು ಹತ್ತು ನಿಮಿಷ ಹೊರಗೆ ತಳ್ಳಿ, ಆಮೇಲೆ ಎಲ್ಲವನ್ನೂ ಮುಚ್ಚಿ ಏ.ಸಿ. ಹಾಕಿ. ಮಲಗುವ ಮುನ್ನ ಎರಡು ಗಂಟೆ ತಂಪು ಮಾಡಿದರೆ ಗೋಡೆ, ಹಾಸಿಗೆಗಳಲ್ಲಿ ಕುಳಿತ ಕಾವೂ ಇಳಿಯುತ್ತದೆ. ಒಣ ನಾಡಿನಲ್ಲಿ ಹತ್ತು ಗಂಟೆಯ ಮೇಲೆ ಹೊರಗಿನ ಗಾಳಿಯೇ ಒಳಗಿನದಕ್ಕಿಂತ ತಂಪಾಗಿರುವುದರಿಂದ ಕಿಟಕಿ ಮತ್ತು ಫ್ಯಾನ್ ಸಾಕು. ಇಡೀ ಟ್ರೇಲರನ್ನು ತಣ್ಣಗಿಡುವ ಬದಲು ಮಂಚದ ಭಾಗಕ್ಕೆ ದಪ್ಪ ಪರದೆ ಕಟ್ಟಿ ಅಷ್ಟನ್ನೇ ತಣ್ಣಗೆ ಮಾಡುವುದೂ ಚಿಕ್ಕ ಏ.ಸಿ.ಯವರಿಗೆ ಬಹಳ ಉಪಯೋಗ. ಥರ್ಮೋಸ್ಟಾಟನ್ನು 68 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿದರೆ ಬೇಗ ತಣ್ಣಗಾಗುತ್ತದೆ ಎಂಬುದು ಸರಿಯಲ್ಲ, 78ಕ್ಕೆ ಇಟ್ಟು ಮೇಲೊಂದು ಪುಟ್ಟ ಫ್ಯಾನ್ ತಿರುಗಿಸಿದರೆ ವಿದ್ಯುತ್ತು ಉಳಿಯುತ್ತದೆ.

ಯಾವುದೇ ಕಾರಣಕ್ಕೆ ಕಂಪ್ರೆಸರ್ ನಿಂತರೆ, ಮತ್ತೆ ಹಾಕುವ ಮುನ್ನ ಕಡೇಪಕ್ಷ ಮೂರು ನಿಮಿಷ ಕಾಯಿರಿ. ಒಳಗಿನ ಒತ್ತಡ ಸಮವಾಗುವ ಮೊದಲೇ ಹೊರಡಿಸಿದರೆ ಜನರೇಟರ್ ಮತ್ತೆ ಬಿಟ್ಟುಬೀಳುತ್ತದೆ. ಆಫ್ ಮಾಡುವಾಗ ಮೊದಲು ತಂಪನ್ನು, ಆಮೇಲೆ ಫ್ಯಾನನ್ನು, ಕೊನೆಗೆ ಎರಡು ನಿಮಿಷ ಬರಿದೆ ಓಡಿದ ಜನರೇಟರನ್ನು ನಿಲ್ಲಿಸಿ. ಏ.ಸಿ. ನಡೆಯುತ್ತಿದೆ ಎಂಬ ಧೈರ್ಯದ ಮೇಲೆ ಮಕ್ಕಳನ್ನಾಗಲಿ ನಾಯಿಯನ್ನಾಗಲಿ ಟ್ರೇಲರಿನಲ್ಲಿ ಬಿಟ್ಟು ಚಾರಣಕ್ಕೆ ಹೋಗಬಾರದು. ಪೆಟ್ರೋಲು ಮುಗಿದೋ ಬ್ಯಾಟರಿ ಕಡಿತಗೊಂಡೋ ಏ.ಸಿ. ನಿಂತರೆ, ಮುಚ್ಚಿದ ಟ್ರೇಲರ್ ಹೊರಗಿನ ಬಿಸಿಲಿಗಿಂತ ಬಿಸಿಯಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ, ಮತ್ತು ಅಂಥ ಜಾಗಗಳಲ್ಲಿ ಉಷ್ಣಾಂಶವನ್ನು ಫೋನಿಗೆ ತಿಳಿಸುವ ಸಾಧನಕ್ಕೂ ಸಿಗ್ನಲ್ ಸಿಗುವುದು ಖಚಿತವಿಲ್ಲ.